ತೋರಿಸಿದ್ದು ಒಂದು, ತೂಗಿದ್ದು ಇನ್ನೊಂದು

ಕೆಲವು ತಿಂಗಳ ಹಿಂದೆ ನಮ್ಮ ಚನ್ನಗಿರಿ ತಾಲ್ಲೂಕಿನ ಹಳ್ಳಿಯೊಂದರ ಪರಿಚಿತ ಹೆಣ್ಣುಮಗಳೊಬ್ಬರು ಮನೆಗೆ ಬಂದರು. ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆ ತಯಾರಿಸುವ ಸಣ್ಣ ಘಟಕ ಅವರದು. ಬ್ಯಾಂಕಿನ ಸಾಲದಲ್ಲಿ ಕೊಂಡ ಎರಡು ಯಂತ್ರ, ಕೆಲಸಕ್ಕೆ ನಾಲ್ವರು ಹೆಂಗಸರು; ಅವರ ಉದ್ದಿಮೆಯೆಂದರೆ ಇಷ್ಟೆ. ಆದರೂ ಆನ್‌ಲೈನ್ ಮಾರುಕಟ್ಟೆಯೊಂದರ ಮೂಲಕ ಅವರ ತಟ್ಟೆಗಳು ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಹೋಗುತ್ತವೆ. ಮೊಬೈಲನ್ನು ನನ್ನ ಮುಂದೆ ಹಿಡಿದು, ‘ಸಾರ್, ಈ ಜಗಲಿ ಯಾರದು ಹೇಳ್ರಿ’ ಎಂದರು.

ಕೆಂಪು ಗಾರೆಯ ಜಗಲಿ, ಅದರ ಮೇಲೆ ಒಪ್ಪವಾಗಿ ಜೋಡಿಸಿದ ತಟ್ಟೆಗಳು, ಪಕ್ಕದಲ್ಲೊಂದು ಅಡಿಕೆಯ ಹೊಂಬಾಳೆ. ಗಾರೆಯಲ್ಲಿ ಬಿಟ್ಟಿರುವ ಬಿರುಕು ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು. ಜಗಲಿ ಅವರದೇ, ಚಿತ್ರ ತೆಗೆದವನು ಅವರ ಮಗ. ಆದರೆ ಚಿತ್ರದ ಕೆಳಗಿದ್ದ ಮಾರಾಟಗಾರನ ಹೆಸರು ಮಾತ್ರ ಬೇರೆ. ಹುಡುಕಿದಾಗ ಅದೇ ಚಿತ್ರವನ್ನು ಇನ್ನಿಬ್ಬರು ಬಳಸಿಕೊಂಡಿರುವುದೂ ತಿಳಿಯಿತು. ಮೂವರ ದರವೂ ಇವರ ದರಕ್ಕಿಂತ ತುಸು ಕಡಿಮೆ.

ವಿಷಯ ಇವರ ಗಮನಕ್ಕೆ ಬಂದದ್ದು ಹಳೆಯ ಗಿರಾಕಿಯೊಬ್ಬರ ಬೈಗುಳದಿಂದ. ಅವರು ಹಿಂದಿನ ಸಲ ನೋಡಿದ್ದ ಚಿತ್ರವನ್ನೇ ಗುರುತು ಹಿಡಿದು, ದರ ಇಳಿದಿದೆಯೆಂದು ಭಾವಿಸಿ ಗೃಹಪ್ರವೇಶಕ್ಕೆ ತಟ್ಟೆ ತರಿಸಿದ್ದರು. ಬಂದದ್ದು ತೆಳುವಾದ, ಬೂಷ್ಟು ಹಿಡಿದ ಮಾಲು. ಹಳೆಯ ಪೊಟ್ಟಣದ ಮೇಲಿದ್ದ ಸಂಖ್ಯೆಗೆ ಫೋನ್ ಮಾಡಿ, ‘ಹೆಸರು ಬಂದ ಮೇಲೆ ಹೀಗೆ ಮಾಡುವುದೇ?’ ಎಂದು ಕೇಳಿದರಂತೆ. ಮಾಡದ ತಪ್ಪಿಗೆ ಮಾತು ಕೇಳಬೇಕಾಗಿ ಬಂದ ಆ ಹೆಣ್ಣುಮಗಳ ಸಂಕಟ ನನಗೆ ಅರ್ಥವಾಯಿತು.

ಚಿತ್ರ ಕದ್ದರೆ ಏನು ಮಹಾ ನಷ್ಟ, ತಟ್ಟೆಯನ್ನೇನೂ ಕದ್ದಿಲ್ಲವಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಅಡಿಕೆ ವ್ಯಾಪಾರ ಬಲ್ಲ ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಮಂಡಿಯಲ್ಲಿ ವ್ಯಾಪಾರಿ ಚೀಲದ ಬಾಯಿ ಬಿಚ್ಚಿಸುತ್ತಾನೆ, ಹಿಡಿ ಅಡಿಕೆ ತೆಗೆದು ಬಣ್ಣ ನೋಡುತ್ತಾನೆ, ಒಡೆದು ನೋಡುತ್ತಾನೆ. ರಾಶಿಯೋ, ಬೆಟ್ಟೆಯೋ, ಸರಕೋ, ಗೊರಬಲೋ ಎಂದು ನಿರ್ಧರಿಸಿದ ಮೇಲೆಯೇ ದರದ ಮಾತು. ಆ ಹಿಡಿ ಅಡಿಕೆಯೇ ಇಡೀ ಚೀಲದ ಪರವಾಗಿ ಸಾಕ್ಷಿ ಹೇಳುತ್ತದೆ. ಒಬ್ಬನ ಚೀಲದಿಂದ ಮಾದರಿ ತೋರಿಸಿ ಇನ್ನೊಬ್ಬನ ಚೀಲ ತೂಗಿದರೆ ಅದನ್ನು ಯಾರೂ ಸಣ್ಣ ತಪ್ಪು ಎನ್ನುವುದಿಲ್ಲ. ಆನ್‌ಲೈನ್ ವ್ಯಾಪಾರದಲ್ಲಿ ಮುಟ್ಟಿ ನೋಡುವ ಅವಕಾಶವಿಲ್ಲ. ಅಲ್ಲಿ ಚಿತ್ರವೇ ಮಾದರಿ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ನೆನಪಿರಬಹುದು. ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಅವರು ಹೇಳಿದ್ದು ಇಷ್ಟು: ಒಳ್ಳೆಯ ಮಾಲು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲದಕ್ಕೂ ಸಾಧಾರಣ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆ ಒಳ್ಳೆಯ ಮಾಲಿನವನಿಗೆ ಗಿಟ್ಟುವುದಿಲ್ಲ. ಅವನು ಮಾರುಕಟ್ಟೆ ಬಿಡುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಮಾಲು ಮಾತ್ರ. ಈ ಚಿಂತನೆಗಾಗಿ ಅಕರ್ಲಾಫ್ ಅವರಿಗೆ 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಒಳ್ಳೆಯ ತಟ್ಟೆಗೂ ಕೆಟ್ಟ ತಟ್ಟೆಗೂ ಒಂದೇ ಚಿತ್ರವಾದರೆ ಕೊಳ್ಳುವವನಿಗೆ ಉಳಿಯುವ ವ್ಯತ್ಯಾಸ ದರವೊಂದೇ. ಆಗ ಗೆಲ್ಲುವವನು ಯಾರೆಂದು ಬೇರೆ ಹೇಳಬೇಕಿಲ್ಲ.

ಹಾಗಿದ್ದರೆ ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದ ವ್ಯಕ್ತಿ. ಸಾಮಾನ್ಯವಾಗಿ ಹಕ್ಕು ಅವನದೇ; ಹಣ ಕೊಟ್ಟು ಬೇರೆಯವರಿಂದ ತೆಗೆಸಿದ್ದರೆ, ವಿರುದ್ಧವಾದ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವರದು. ಹಕ್ಕು ಪಡೆಯಲು ನೋಂದಣಿ ಕಡ್ಡಾಯವಲ್ಲ. ಅಂತರಜಾಲದಲ್ಲಿ ಹಾಕಿದ ಮಾತ್ರಕ್ಕೆ ಚಿತ್ರ ಊರ ಆಸ್ತಿಯಾಗುವುದೂ ಇಲ್ಲ. ತಿಳಿದೂ ತಿಳಿದೂ ಹಕ್ಕನ್ನು ಉಲ್ಲಂಘಿಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 63ನೇ ಕಲಮು ಅವಕಾಶ ನೀಡುತ್ತದೆ. ಇನ್ನು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ವಿವರಣೆ ಮತ್ತು ಚಿತ್ರಗಳು ವಸ್ತುವಿನ ನಿಜರೂಪಕ್ಕೆ ಹೊಂದಿಕೆಯಾಗಿರುತ್ತವೆಂದು ಪ್ರತಿಯೊಬ್ಬ ಮಾರಾಟಗಾರನಿಂದಲೂ ಮುಚ್ಚಳಿಕೆ ಪಡೆಯುವ ಹೊಣೆಯನ್ನು ಆನ್‌ಲೈನ್ ಮಾರುಕಟ್ಟೆಗಳ ಮೇಲೆ ಹೊರಿಸಿವೆ.

ನ್ಯಾಯಾಲಯವೂ ಈ ಬಗ್ಗೆ ಮಾತನಾಡಿದೆ. ಆಕಾಶ್ ಅಗರ್‌ವಾಲ್ ಮತ್ತು ಫ್ಲಿಪ್‌ಕಾರ್ಟ್ ನಡುವಣ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು 2022ರ ಆಗಸ್ಟ್‌ನಲ್ಲಿ ನೀಡಿದ ಆದೇಶ ಗಮನಾರ್ಹ. ಒಬ್ಬ ಮಾರಾಟಗಾರ ಕಟ್ಟಿಕೊಂಡ ಹೆಸರಿಗೂ ಚಿತ್ರಗಳಿಗೂ ಅವನ ಒಪ್ಪಿಗೆಯಿಲ್ಲದೆ ಇತರರು ಜೋತುಬೀಳಲು ಬಿಡುವುದು, ಅವನ ಬೆನ್ನೇರಿ ಸವಾರಿ ಮಾಡಿದಂತೆ ಎಂಬುದು ಆ ಆದೇಶದ ತಾತ್ಪರ್ಯ.

ಕಾನೂನಿಗೆ ಕೊರತೆಯಿಲ್ಲ, ಅದು ಕೈಗೆಟುಕುವುದಿಲ್ಲ, ಕಷ್ಟವಿರುವುದು ಇಲ್ಲಿ. ನಮ್ಮ ತಟ್ಟೆಯ ಹೆಣ್ಣುಮಗಳು ದೂರು ಕೊಟ್ಟಾಗ ಬಂದ ಉತ್ತರ ಇಂಗ್ಲಿಷಿನಲ್ಲಿ, ಅದೂ ಯಂತ್ರ ಬರೆದದ್ದು. ಚಿತ್ರ ನಿಮ್ಮದೇ ಎಂಬುದಕ್ಕೆ ಪುರಾವೆ ಕೊಡಿ ಎಂದು ಅದು ಕೇಳಿತು. ಮಗ ಚಿತ್ರ ತೆಗೆದ ಫೋನನ್ನು ಆಗಲೇ ಮಾರಿಯಾಗಿತ್ತು. ಹೇಗೋ ಏಗಾಡಿ ಒಬ್ಬನ ಪುಟ ತೆಗೆಸಿದರೆ, ಮರುವಾರ ಅದೇ ಜಗಲಿ ಇನ್ನೊಂದು ಹೆಸರಿನಲ್ಲಿ ಕಾಣಿಸಿಕೊಂಡಿತು. 2013ರ ಕೃತಿಸ್ವಾಮ್ಯ ನಿಯಮಗಳಲ್ಲಿ ಲಿಖಿತ ದೂರಿನ ಮೇಲೆ 36 ಗಂಟೆಗಳೊಳಗೆ ಕ್ರಮ ಕೈಗೊಳ್ಳುವ ವಿಧಾನವೇನೋ ಇದೆ. ಆದರೆ ದೂರುದಾರರು 21 ದಿನಗಳೊಳಗೆ ನ್ಯಾಯಾಲಯದ ಆದೇಶ ತಾರದಿದ್ದರೆ ತೆಗೆದದ್ದನ್ನು ಮತ್ತೆ ಹಾಕಬಹುದು. ನಾಲ್ವರಿಗೆ ಕೂಲಿ ಕೊಟ್ಟು ತಾನೂ ಯಂತ್ರದ ಮುಂದೆ ನಿಲ್ಲುವ ಹೆಂಗಸು ದಾವಣಗೆರೆಯ ಜಿಲ್ಲಾ ನ್ಯಾಯಾಲಯಕ್ಕೆ ಎಷ್ಟು ಸಲ ಅಲೆಯಬಲ್ಲಳು?

ಸಹಕಾರ ಮತ್ತು ಕೃಷಿ ಮಾರುಕಟ್ಟೆಗೆ ಸಂಬಂಧಿಸಿದ ಹುದ್ದೆಗಳಲ್ಲಿ ಕೆಲಸ ಮಾಡಿದ ನನಗೆ ಇಲ್ಲೊಂದು ಹಳೆಯ ಪಾಠ ನೆನಪಾಗುತ್ತದೆ. ಹಿಂದೆ ಮಂಡಿಗಳಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು; ರೈತನಿಗೆ ತನ್ನ ಮಾಲಿನ ದರವೇ ತಿಳಿಯುತ್ತಿರಲಿಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಇಂಥ ಗುಟ್ಟಿನ ವ್ಯವಹಾರಕ್ಕೆ ಕಡಿವಾಣ ಹಾಕಲು ಬಂದಿತು. ಆ ಕಾಯಿದೆಯ ದೋಷಗಳು ಏನೇ ಇರಲಿ, ಅನ್ಯಾಯವಾದವನು ಹೋಗಿ ನಿಲ್ಲಲು ಪ್ರಾಂಗಣದಲ್ಲೊಂದು ಕಚೇರಿಯಿತ್ತು, ಅಲ್ಲೊಬ್ಬ ಕಾರ್ಯದರ್ಶಿಯಿದ್ದ. ಇಂದಿನ ಆನ್‌ಲೈನ್ ಪ್ರಾಂಗಣದಲ್ಲಿ ಅಂಥ ಬಾಗಿಲು ಸಣ್ಣವರಿಗೆ ಕಾಣುತ್ತಿಲ್ಲ.

ಆಗಬೇಕಾದ ಕೆಲಸಗಳು ಅಸಾಧ್ಯವಾದವೇನಲ್ಲ. ಚಿತ್ರ ಕೊಟ್ಟು ಅದರಂಥದೇ ಚಿತ್ರ ಹುಡುಕುವ ಸೌಲಭ್ಯವನ್ನು ಗೂಗಲ್ 2011ರಲ್ಲೇ ಜನಸಾಮಾನ್ಯರಿಗೆ ನೀಡಿತ್ತು. ಒಂದು ಖಾತೆಯಲ್ಲಿರುವ ಚಿತ್ರವನ್ನೇ ಬೇರೊಂದು ಖಾತೆಯವರು ಹಾಕಲು ಬಂದಾಗ ತಡೆದು, ಮೊದಲಿನವರ ಒಪ್ಪಿಗೆ ಇದೆಯೇ ಎಂದು ಕೇಳುವುದು ಈ ದೊಡ್ಡ ಸಂಸ್ಥೆಗಳಿಗೆ ಕಷ್ಟವೇ? ತಯಾರಕರ ಅನುಮತಿ ಪಡೆದು ಅವರದೇ ಮಾಲು ಮಾರುವ ಮರುಮಾರಾಟಗಾರರಿಗೆ ಇದರಿಂದ ತೊಂದರೆಯಾಗದು. ದೂರನ್ನು ಕನ್ನಡದಲ್ಲಿ ಸ್ವೀಕರಿಸಿ ಮನುಷ್ಯರೊಬ್ಬರು ಓದುವಂತಾಗಬೇಕು. ಪದೇ ಪದೇ ಇಂಥ ತಪ್ಪೆಸಗುವ ಮಾರಾಟಗಾರರ ದಾಖಲೆ ಇಡಬೇಕೆಂದು 2020ರ ನಿಯಮಗಳೇ ಹೇಳುತ್ತವೆ; ಆದರೆ ಅವರನ್ನು ಹೊರಹಾಕುವುದು ಸಂಸ್ಥೆಯ ಇಚ್ಛೆಗೆ ಬಿಟ್ಟದ್ದು ಎಂದೂ ಅವೇ ಹೇಳುತ್ತವೆ. ಈ ರಿಯಾಯಿತಿಯನ್ನು ಕೇಂದ್ರ ಸರ್ಕಾರ ಮರುಪರಿಶೀಲಿಸಬೇಕು.

ಇತ್ತ ನಮ್ಮ ಕಡೆಯಿಂದಲೂ ಆಗಬೇಕಾದದ್ದಿದೆ. ಜಿಲ್ಲಾ ಕೈಗಾರಿಕಾ ಕೇಂದ್ರಗಳು, ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘಗಳ ತರಬೇತಿಗಳು ಮಾಲು ತಯಾರಿಸುವುದನ್ನಷ್ಟೇ ಕಲಿಸಿದರೆ ಸಾಲದು. ಮೂಲ ಚಿತ್ರವನ್ನು ಜೋಪಾನ ಮಾಡುವುದು, ಹಾಕಿದ ದಿನಾಂಕದ ದಾಖಲೆ ಇಡುವುದು, ದೂರು ಬರೆಯುವುದು ಇವನ್ನೂ ಕಲಿಸಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನಂತೆ ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಅರ್ಹತೆಯಿದೆ. ಕೃತಿಸ್ವಾಮ್ಯದ ದಾವೆಯನ್ನು ತಾವಿರುವ ಜಿಲ್ಲೆಯಲ್ಲಿಯೇ ಹೂಡಲೂ ಅವಕಾಶವಿದೆ. ಈ ಎರಡು ಸಂಗತಿಗಳು ನನ್ನ ಮುಂದೆ ಕುಳಿತಿದ್ದ ಆ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಬರೆಯುವಾಗ ನನಗೂ ಒಂದು ಅಳುಕಿದೆ. ನಿವೃತ್ತನಾದ ಮೇಲೆ ಪ್ರತಿ ಬೆಳಿಗ್ಗೆ ಗೆಳೆಯರಿಗೆ ನಾನು ಕಳಿಸುವ ಸೂರ್ಯೋದಯದ ಚಿತ್ರಗಳನ್ನು ತೆಗೆದವರು ಯಾರೆಂದು ಒಮ್ಮೆಯೂ ವಿಚಾರಿಸಿದ್ದಿಲ್ಲ. ಅದರಲ್ಲಿ ವ್ಯಾಪಾರವಿಲ್ಲ, ನಿಜ. ಆದರೆ ‘ಸಿಕ್ಕಿದ ಚಿತ್ರ ಎಲ್ಲರದು’ ಎಂಬ ಭಾವನೆಯನ್ನು ನಾವೆಲ್ಲರೂ ಸೇರಿಯೇ ಬೆಳೆಸಿದ್ದೇವೆ.

ಆಕೆ ಹೊರಡುವ ಮುನ್ನ ಇಬ್ಬರೂ ಕುಳಿತು ಕನ್ನಡದಲ್ಲೊಂದು ದೂರು, ಇಂಗ್ಲಿಷಿನಲ್ಲೊಂದು ದೂರು ಬರೆದೆವು. ಹೊಸ ಚಿತ್ರ ತೆಗೆಯುವುದೆಂದೂ ತೀರ್ಮಾನವಾಯಿತು. ‘ಈ ಸಲ ತಟ್ಟೆ ಜೊತೆ ನಾನೂ ನಿಂತ್ಕೊಂತೀನಿ ಸಾರ್, ನನ್ನ ಮುಖ ಹಾಕ್ಕೊಂಡು ಹೆಂಗೆ ಮಾರ್ತಾರೋ ನೋಡಾಣ’ ಎಂದರು. ತನ್ನ ಮಾಲು ತನ್ನದೆಂದು ಸಾಬೀತುಪಡಿಸಲು ಅವರು ಮುಖವನ್ನೇ ಸಾಕ್ಷಿಯಾಗಿ ಒಡ್ಡಬೇಕಾಗಿ ಬಂದಿದೆ. ಆ ಮುಖದ ಚಿತ್ರವನ್ನೂ ಯಾರಾದರೂ ಎತ್ತಿಕೊಂಡು ಹೋದರೆ ನಾವು ಅವರಿಗೆ ಏನೆಂದು ಉತ್ತರ ಹೇಳೋಣ?