ಮಥಾರೆ ಕಣಿವೆಯ ಮಕ್ಕಳು

ನೈರೋಬಿ ನಗರ ಹುಟ್ಟಿದ್ದು 1899ರಲ್ಲಿ, ಮೊಂಬಾಸಾ ಬಂದರಿನಿಂದ ಒಳನಾಡಿಗೆ ಬ್ರಿಟಿಷರು ಹಾಕುತ್ತಿದ್ದ ರೈಲುಹಾದಿಯ ಒಂದು ಬಿಡಾರವಾಗಿ. ಊರು ಬೆಳೆದಂತೆ ಅದನ್ನು ಮೈಬಣ್ಣದ ಲೆಕ್ಕದಲ್ಲಿ ಪಾಲು ಮಾಡಲಾಯಿತು. ಎತ್ತರದ ತಂಪು ನೆಲ ಬಿಳಿಯರಿಗೆ, ಭಾರತದಿಂದ ಹೋದವರಿಗೆ ಬೇರೆ ಕೇರಿ, ನೆಲದ ಮಕ್ಕಳಾದ ಆಫ್ರಿಕನ್ನರಿಗೆ ಉಳಿದ ಮೂಲೆ. ಹಾಗೆ ಉಳಿದ ಜಾಗಗಳಲ್ಲಿ ಮಥಾರೆಯೂ ಒಂದು. ನಗರದ ನಡುಭಾಗದಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ಇದು ಹಿಂದೆ ಕಲ್ಲುಗಣಿಯಾಗಿದ್ದ ಕಣಿವೆ. 1963ರಲ್ಲಿ ಕೆನ್ಯಾ ಸ್ವತಂತ್ರವಾದ ಮೇಲೆ ಕೆಲಸ ಹುಡುಕಿಕೊಂಡು ಬಂದ ಹಳ್ಳಿಗರು ಇಲ್ಲಿ ತಗಡಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿಕೊಂಡರು. ನೆಲದ ಪಟ್ಟಾ ಇಲ್ಲ, ನೆಟ್ಟಗೆ ಚರಂಡಿ ಇಲ್ಲ, ಕಸ ಒಯ್ಯುವವರಿಲ್ಲ.

ಇಂಥ ಕಡೆ ಹಿಂಸೆ ಬಡತನವೊಂದರಿಂದಲೇ ಹುಟ್ಟುವುದಿಲ್ಲ. ಊರಿನಿಂದ ಬಂದವನು ತನ್ನ ಜನರಿರುವಲ್ಲೇ ಬಿಡಾರ ಹೂಡುತ್ತಾನೆ. ಹೀಗೆ ಮಥಾರೆಯ ಒಂದು ಓಣಿ ಕಿಕುಯು ಜನರದೆಂದೂ ಇನ್ನೊಂದು ಲುವೊ ಜನರದೆಂದೂ ಹೆಸರು ಪಡೆಯಿತು. ಪೊಲೀಸರು ಕಾಲಿಡದ ಕಡೆ ಪುಂಡರ ಗುಂಪುಗಳೇ ಕಾವಲುಗಾರರಾಗಿ, ಕಾವಲಿಗೆ ಕಂದಾಯವನ್ನೂ ಕೇಳತೊಡಗಿದವು. 2006ರ ನವೆಂಬರಿನಲ್ಲಿ ‘ಚಾಂಗಾ’ ಎಂಬ ಕಳ್ಳಭಟ್ಟಿ ಕಾಯಿಸುವವರಿಂದ ಸುಂಕ ವಸೂಲು ಮಾಡುವ ವಿಚಾರಕ್ಕೆ ‘ಮುಂಗಿಕಿ’ ಮತ್ತು ‘ತಾಲಿಬಾನ್’ ಎಂಬ ಎರಡು ಗುಂಪುಗಳು ಬಡಿದಾಡಿದವು. ಈ ತಾಲಿಬಾನಿಗೂ ಅಫ್ಘಾನಿಸ್ತಾನಕ್ಕೂ ಸಂಬಂಧವಿಲ್ಲ. ಅದು ಬರೀ ಎರವಲು ಹೆಸರು. ಸಾವಿರಾರು ಮಂದಿ ಮನೆ ಬಿಟ್ಟು ಓಡಿದರು. ಗುಂಪುಗಳ ಕಾಲಾಳುಗಳು ಯಾರು? ಶಾಲೆ ಬಿಟ್ಟ, ಕೆಲಸ ಸಿಗದ ಹುಡುಗರು. ಆದ್ದರಿಂದ ಆ ಹುಡುಗರು ಯಾರ ಕೈಗೆ ಸಿಗುತ್ತಾರೆ ಎಂಬುದೇ ಇಂಥ ಕೇರಿಯ ಶಾಂತಿಯ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಉತ್ತರ ಮಥಾರೆಯಲ್ಲಿ 1987ರಷ್ಟು ಹಿಂದೆಯೇ ಮೊಳೆತಿತ್ತು. ಅಲ್ಲಿನ ಮಕ್ಕಳು ಪ್ಲಾಸ್ಟಿಕ್ ಚೀಲಗಳನ್ನು ಉಂಡೆ ಮಾಡಿ, ದಾರ ಸುತ್ತಿ, ಅದನ್ನೇ ಚೆಂಡೆಂದು ಒದೆಯುತ್ತಿದ್ದರು. ನೈರೋಬಿಯಲ್ಲಿ ನೆಲೆಸಿದ್ದ ಕೆನಡಾದ ಬಾಬ್ ಮನ್ರೋ ಅವರಿಗೊಂದು ಲೀಗ್ ಪಂದ್ಯಾವಳಿ ಏರ್ಪಡಿಸಿಕೊಡಲು ಒಪ್ಪಿದರು. ಶರತ್ತು ಒಂದೇ: ನೀವು ಏನಾದರೂ ಮಾಡಿದರೆ ನಾನೂ ಮಾಡುತ್ತೇನೆ, ನೀವು ಕೈಕಟ್ಟಿ ಕುಳಿತರೆ ನಾನೂ ಕೂರುತ್ತೇನೆ. ಹೀಗೆ ಹುಟ್ಟಿದ್ದು ಮಥಾರೆ ಯುವಜನ ಕ್ರೀಡಾ ಸಂಘ.

ಸಂಘದ ಜಾಣತನವಿರುವುದು ಅದರ ನಿಯಮಗಳಲ್ಲಿ. ತಂಡಕ್ಕೆ ಅಂಕ ಬರುವುದು ಪಂದ್ಯ ಗೆದ್ದರೆ ಮಾತ್ರವಲ್ಲ. ಕೇರಿಯ ಕಸ ಎತ್ತಿ ಚರಂಡಿ ಬಳಿದರೂ ಅಂಕವುಂಟು. ಗೋಲು ಹೊಡೆಯುವುದರಲ್ಲಿ ಚುರುಕಾಗಿದ್ದು ಸಲಿಕೆ ಹಿಡಿಯದ ತಂಡ ಲೀಗಿನ ಪಟ್ಟಿಯಲ್ಲಿ ಹಿಂದೆ ಬೀಳುತ್ತದೆ. ಕೆಂಪು ಕಾರ್ಡು ಪಡೆದು ಹೊರಬಿದ್ದ ಆಟಗಾರ ಮತ್ತೆ ಆಡಬೇಕಾದರೆ ಮೊದಲು ಚಿಕ್ಕಮಕ್ಕಳ ಪಂದ್ಯಗಳಿಗೆ ರೆಫ್ರಿಯಾಗಿ ದುಡಿಯಬೇಕು. ತೀರ್ಪುಗಾರನ ಮೇಲೆ ಕೂಗಾಡಿದವನಿಗೆ ತೀರ್ಪು ಕೊಡುವ ಕಷ್ಟ ಗೊತ್ತಾಗಲು ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಸಭ್ಯತೆಯಿಂದ ಆಡಿದವರಿಗೆ ಹಸಿರು ಕಾರ್ಡೂ ಇದೆ. ಕಿರಿಯರಿಗೆ ತರಬೇತಿ ಕೊಡುವ, ಸೇವೆ ಮಾಡುವ ಹುಡುಗ ಹುಡುಗಿಯರಿಗೆ ಸಲ್ಲುವ ವಿದ್ಯಾರ್ಥಿವೇತನ ನೇರವಾಗಿ ಅವರ ಶಾಲೆಗೆ ಹೋಗುತ್ತದೆ.

ಸಂಘದ ಸಮಿತಿಗಳಿಗೆ ಪ್ರತಿನಿಧಿಗಳನ್ನು ಆರಿಸುವವರು ಹುಡುಗರೇ. ಪಂದ್ಯದ ವೇಳಾಪಟ್ಟಿ, ಮೈದಾನದ ಜಗಳ, ಶಿಸ್ತಿನ ಕ್ರಮ ಎಲ್ಲವೂ ಅವರ ಹೊಣೆ. 1992ರಿಂದ ಹುಡುಗಿಯರ ತಂಡಗಳೂ ಕಣಕ್ಕಿಳಿದವು. ಮನೆಗೆಲಸ, ತಮ್ಮ ತಂಗಿಯರ ಆರೈಕೆ ಹೊತ್ತ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳಿಸಲು ತಾಯಂದಿರನ್ನು ಒಪ್ಪಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಅದೇ ವರ್ಷ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಈ ಸಂಘಕ್ಕೆ ‘ಗ್ಲೋಬಲ್ 500’ ಗೌರವ ನೀಡಿತು. 1999ರಲ್ಲಿ ಇದೇ ಪದ್ಧತಿ ಕೆನ್ಯಾದ ವಾಯವ್ಯ ಮೂಲೆಯ ಕಾಕುಮಾ ನಿರಾಶ್ರಿತರ ಶಿಬಿರಕ್ಕೂ ಹೋಯಿತು. ಹಲವು ದೇಶಗಳ ಕದನಗಳಿಂದ ಓಡಿಬಂದವರು ಒಂದೇ ಮೈದಾನದಲ್ಲಿ ಆಡಬೇಕಾದ ಜಾಗ ಅದು.

ಆದರೆ ಚೆಂಡಾಟದಿಂದ ಶಾಂತಿ ಬಂದೀತೇ? 2007ರ ಡಿಸೆಂಬರಿನ ಅಧ್ಯಕ್ಷ ಚುನಾವಣೆ ಈ ಪ್ರಶ್ನೆಯನ್ನು ಕ್ರೂರವಾಗಿಯೇ ಕೇಳಿತು. ಫಲಿತಾಂಶ ಪ್ರಕಟವಾದೊಡನೆ ಮೋಸವಾಯಿತೆಂಬ ಕೂಗೆದ್ದು, ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ನೆಲೆ ಕಳೆದುಕೊಂಡರು. ಮಥಾರೆಯೂ ಹೊತ್ತಿ ಉರಿಯಿತು. ಇಪ್ಪತ್ತು ವರ್ಷಗಳ ಆಟ ಆ ಬೆಂಕಿಯನ್ನು ತಡೆಯಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದನ್ನು ಹಚ್ಚಿದ್ದು ಭೂಮಿಯ ಹಳೆಯ ತಕರಾರು ಮತ್ತು ಅಧಿಕಾರದ ಹಸಿವು. ಅವೆರಡೂ ಹುಡುಗರ ಕೈಯಲ್ಲಿರಲಿಲ್ಲ. ಕೋಫಿ ಅನ್ನಾನ್ ಅವರ ಸಂಧಾನದಿಂದ 2008ರ ಫೆಬ್ರವರಿ 28ರಂದು ನಾಯಕರು ಒಪ್ಪಂದಕ್ಕೆ ಸಹಿ ಹಾಕಿದರು.

ನಾಯಕರು ಕೈಕುಲುಕಿದ ಮಾತ್ರಕ್ಕೆ ಓಣಿಯಲ್ಲಿ ನಂಬಿಕೆ ಮರಳುವುದಿಲ್ಲ. ಆ ಕೆಲಸ ಕೆಳಗಿನವರದು. ಆ ದಿನಗಳಲ್ಲಿ ನೈರೋಬಿಯ ಇನ್ನೊಂದು ಕೊಳೆಗೇರಿ ಕಿಬೇರಾದಲ್ಲಿ ‘ಸೊಲೊ ಸೆವೆನ್’ ಎಂದು ಹೆಸರಾದ ಚಿತ್ರಕಾರನೊಬ್ಬ ಬಣ್ಣದ ಡಬ್ಬಿ ಹಿಡಿದು ಗೋಡೆ ಗೋಡೆಗೂ ಶಾಂತಿಯ ಮಾತು ಬರೆಯುತ್ತ ಹೋದ. ಮಥಾರೆಯ ಸಂಘದಿಂದ 1994ರಲ್ಲಿ ಹುಟ್ಟಿದ್ದ ‘ಮಥಾರೆ ಯುನೈಟೆಡ್’ ತಂಡ ಅದೇ 2008ರಲ್ಲಿ ಕೆನ್ಯಾ ಪ್ರೀಮಿಯರ್ ಲೀಗ್ ಗೆದ್ದಿತು. ಉರಿದ ಕೇರಿಯ ಹೆಸರು ಆ ವರ್ಷ ಒಂದು ಸಲವಾದರೂ ಸಂತೋಷದ ಸುದ್ದಿಗೆ ಬಂತು.

ಆಟ ಬಾಡಿಗೆ ಇಳಿಸುವುದಿಲ್ಲ, ಪಟ್ಟಾ ಕೊಡಿಸುವುದಿಲ್ಲ. ಸರ್ಕಾರ ಮಾಡಬೇಕಾದ್ದನ್ನು ಸರ್ಕಾರವೇ ಮಾಡಬೇಕು. ಆಟ ಮಾಡುವುದು ಬೇರೆಯದನ್ನು: ಆಚೆ ಓಣಿಯ ಹುಡುಗನಿಗೆ ಒಂದು ಮುಖ, ಒಂದು ಹೆಸರು ಕೊಡುತ್ತದೆ. ಗುಂಪು ಕೊಲ್ಲುವಾಗ ಕುಲ ನೋಡಿ ಕೊಲ್ಲುತ್ತದೆ, ಹೆಸರು ಕೇಳುವುದಿಲ್ಲ. ಒಟ್ಟಿಗೆ ಚರಂಡಿ ಬಳಿದವನ ಹೆಸರು ಮರೆಯುವುದು ಅಷ್ಟು ಸುಲಭವಲ್ಲ.