ಮಾಹಿತಿಯ ಕಣಜ ಬದಲಿಸುವ ಮುನ್ನ

ಕಾಲೇಜಿನ ಪ್ರವೇಶ ದಾಖಲೆ, ಆಸ್ಪತ್ರೆಯ ಎಕ್ಸ್-ರೇ, ಬ್ಯಾಂಕಿನ ಲೆಕ್ಕಪತ್ರ ಇವೆಲ್ಲ ಈಗ ಡಿಸ್ಕ್‌ಗಳಲ್ಲಿ ಕುಳಿತಿವೆ. ಮನೆಯ ಕಂಪ್ಯೂಟರಿಗೆ ಒಂದು ಡಿಸ್ಕ್ ಸಾಕು. ದೊಡ್ಡ ಸಂಸ್ಥೆಗಳಲ್ಲಿ ಹತ್ತಾರು ಡಿಸ್ಕ್‌ಗಳನ್ನು ಒಂದೇ ಕಣಜದಂತೆ ಜೋಡಿಸಿರುತ್ತಾರೆ. ಈ ಕಣಜ ತುಂಬುತ್ತ ಬಂದರೆ ಏನು ಮಾಡಬೇಕು? ‘ಇನ್ನೂ ದೊಡ್ಡ ಡಿಸ್ಕ್ ತಂದರಾಯಿತು’ ಎಂದು ಯಾರಾದರೂ ಹೇಳಿಯಾರು. ತೊಡಕು ಇರುವುದೇ ಅಲ್ಲಿ.

ಅಂಕಪಟ್ಟಿಯ ಉಪಾಯ

ಡಿಸ್ಕ್ ಎಂದಾದರೊಂದು ದಿನ ಕೆಡುವಂಥದ್ದೇ. ಇದಕ್ಕೆ ಪರಿಹಾರವಾಗಿ 1988ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ‘ರೇಡ್’ ಎಂಬ ಜೋಡಣೆಯನ್ನು ವಿವರಿಸಿದರು. ಅದರ ತಿರುಳು ಶಾಲೆಯ ಮಕ್ಕಳಿಗೂ ಅರ್ಥವಾಗುವಂಥದು. ಕನ್ನಡದಲ್ಲಿ 90, ಗಣಿತದಲ್ಲಿ 80, ವಿಜ್ಞಾನದಲ್ಲಿ 70, ಒಟ್ಟು 240 ಅಂಕ ಎಂದು ಬರೆದ ಪಟ್ಟಿಯಲ್ಲಿ ಗಣಿತದ ಅಂಕದ ಮೇಲೆ ಮಸಿ ಚೆಲ್ಲಿದೆ ಎನ್ನಿ. ಒಟ್ಟು ಮೊತ್ತದಿಂದ ಉಳಿದೆರಡನ್ನು ಕಳೆದರೆ 80 ಸಿಕ್ಕೇ ಸಿಗುತ್ತದೆ. ಡಿಸ್ಕ್‌ಗಳಲ್ಲೂ ಇಂಥದೇ ‘ಒಟ್ಟು ಲೆಕ್ಕ’ವನ್ನು ಬರೆದಿಡುತ್ತಾರೆ. ಒಂದು ಡಿಸ್ಕ್ ಕೆಟ್ಟರೆ ಉಳಿದವುಗಳಿಂದ ಅದರ ಮಾಹಿತಿಯನ್ನು ಮತ್ತೆ ಕಟ್ಟಬಹುದು. ಆದರೆ ಎರಡು ಅಂಕಗಳ ಮೇಲೆ ಮಸಿ ಬಿದ್ದರೆ? ಆಗ ಒಂದು ಮೊತ್ತ ಸಾಲದು.

ಕಟ್ಟಲು ಎಷ್ಟು ಹೊತ್ತು?

ಒಂದು ಟೆರಾಬೈಟ್ ಡಿಸ್ಕ್‌ಗೆ ಸೆಕೆಂಡಿಗೆ 100 ಮೆಗಾಬೈಟ್‌ನಂತೆ ಬರೆದರೆ ಅದು 10,000 ಸೆಕೆಂಡಿನಲ್ಲಿ, ಅಂದರೆ ಮೂರು ಗಂಟೆಯೊಳಗೆ ತುಂಬುತ್ತದೆ. 20 ಟೆರಾಬೈಟ್ ಡಿಸ್ಕ್‌ಗೆ 250 ಮೆಗಾಬೈಟ್‌ನಂತೆ ಬರೆದರೂ 80,000 ಸೆಕೆಂಡು, ಅಂದರೆ ಸುಮಾರು 22 ಗಂಟೆ ಹಿಡಿಯುತ್ತದೆ. ಗಾತ್ರ 20 ಪಟ್ಟು ಹಿಗ್ಗಿದರೂ ವೇಗ ಹೆಚ್ಚಿದ್ದು ಎರಡೂವರೆ ಪಟ್ಟು ಮಾತ್ರ. ಮಾಮೂಲಿ ಕೆಲಸವೂ ನಡೆಯುತ್ತಿದ್ದರೆ ಇನ್ನೂ ತಡವಾದೀತು. ಅಷ್ಟರಲ್ಲಿ, ಜೊತೆಯಲ್ಲೇ ಕೊಂಡು ಜೊತೆಯಲ್ಲೇ ಹಳತಾದ ಇನ್ನೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಯಿತು. ಆದ್ದರಿಂದಲೇ ದೊಡ್ಡ ಡಿಸ್ಕ್ ಕೊಳ್ಳುವವರು ಎರಡು ಡಿಸ್ಕ್‌ಗಳ ನಷ್ಟವನ್ನು ತಡೆದುಕೊಳ್ಳುವ ಜೋಡಣೆಯನ್ನು ಆರಿಸಿಕೊಳ್ಳುತ್ತಾರೆ.

ಹೀಗಾಗಿ ಕೊಂಡಷ್ಟು ಜಾಗ ಬಳಕೆಗೆ ಸಿಗದು. 20 ಟೆರಾಬೈಟ್‌ನ 12 ಡಿಸ್ಕ್ ಎಂದರೆ 240 ಟೆರಾಬೈಟ್. ಎರಡು ಡಿಸ್ಕ್‌ಗಳಷ್ಟು ಜಾಗ ರಕ್ಷಣೆಗೆ ಹೋದರೆ ಉಳಿಯುವುದು 200. ಐದರಲ್ಲೊಂದು ಪಾಲನ್ನು ಖಾಲಿ ಬಿಟ್ಟರೆ 160. ಈಗಾಗಲೇ 80 ಟೆರಾಬೈಟ್ ಮಾಹಿತಿಯಿದ್ದು, ವರ್ಷಕ್ಕೆ 20 ಸೇರುತ್ತಿದ್ದರೆ ಈ ಏರ್ಪಾಡು ನಾಲ್ಕು ವರ್ಷ ಬಾಳುತ್ತದೆ. ವಿದ್ಯುತ್ತು, ತಂಪು, ಬಿಡಿ ಡಿಸ್ಕ್‌ಗಳ ಖರ್ಚನ್ನೂ ಆ ನಾಲ್ಕು ವರ್ಷಕ್ಕೆ ಹಂಚಿ ನೋಡಬೇಕು.

ಕ್ಯೋಟೋ ಕಲಿಸಿದ ಪಾಠ

ಯಂತ್ರ ಗಟ್ಟಿಯಾಗಿದ್ದರೆ ಸಾಕೇ? 2021ರ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನ ಸಂಗ್ರಹದಿಂದ ಸುಮಾರು 77 ಟೆರಾಬೈಟ್ ಮಾಹಿತಿ ಅಳಿಸಿಹೋಯಿತು. ಯಾವ ಡಿಸ್ಕೂ ಕೆಟ್ಟಿರಲಿಲ್ಲ. ಬ್ಯಾಕಪ್ ತೆಗೆಯುವ ಪ್ರೋಗ್ರಾಮು ಓಡುತ್ತಿರುವಾಗಲೇ ತಿದ್ದಿದ ಹೊಸ ರೂಪವನ್ನು ಅದರ ಮೇಲೆ ಹೇರಲಾಗಿತ್ತು. ಹಳೆಯ ಲಾಗ್ ಕಡತಗಳನ್ನು ಅಳಿಸಬೇಕಿದ್ದ ಆಜ್ಞೆ ಸಂಶೋಧಕರ ಕಡತಗಳನ್ನೇ ಅಳಿಸಿತು. ತೊಂದರೆಗೊಳಗಾದ 14 ಸಂಶೋಧನಾ ತಂಡಗಳಲ್ಲಿ ನಾಲ್ಕರ ಮಾಹಿತಿಯನ್ನು ಬ್ಯಾಕಪ್‌ನಿಂದ ಮರಳಿ ಪಡೆಯಲಾಗಲಿಲ್ಲ.

‘ಅಳಿಸು’ ಎಂದರೆ ರೇಡ್ ಕೂಡ ನಿಷ್ಠೆಯಿಂದ ಅಳಿಸುತ್ತದೆ. ಆದ್ದರಿಂದ ಬೇರೆ ಜಾಗದಲ್ಲಿ, ಬೇರೆಯೇ ಆದ ಪ್ರತಿಯೊಂದು ಇರಬೇಕು. ಹೊಸ ಯಂತ್ರಕ್ಕೆ ನಕಲು ಮಾಡಿದ ಮೇಲೆ ಎರಡೂ ಕಡೆಯ ಕಡತಗಳನ್ನು ‘ಚೆಕ್‌ಸಮ್’ ಎಂಬ ತಾಳೆಯ ಸಂಖ್ಯೆಯಿಂದ ಹೋಲಿಸಬೇಕು. ಕೆಲವು ವಾರವಾದರೂ ಹಳೆಯದನ್ನು ಅಳಿಸದೆ ಇಟ್ಟುಕೊಳ್ಳಬೇಕು. ಪರೀಕ್ಷೆ, ಫಲಿತಾಂಶದ ದಿನಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕಬಾರದು.

ಈ ವೃತ್ತಿಗೆ ಬರಬಯಸುವ ವಿದ್ಯಾರ್ಥಿಗಳಿಗೆ ಯಂತ್ರಗಳ ಹೆಸರಿಗಿಂತ ಗುಣಾಕಾರ ಭಾಗಾಕಾರ ಮತ್ತು ತಾಳ್ಮೆ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಅಭ್ಯಾಸಕ್ಕೆ ಮನೆಯೇ ಸಾಕು. ಪ್ರಾಜೆಕ್ಟ್ ವರದಿಯ ಪ್ರತಿಯನ್ನು ಇನ್ನೊಂದು ಡಿಸ್ಕ್‌ನಲ್ಲಿ ಇಟ್ಟಿದ್ದೀರಿ ತಾನೆ? ಈ ವಾರ ಅದರಿಂದ ಒಂದು ಕಡತವನ್ನು ಹೊರತೆಗೆದು, ತೆರೆದು ನೋಡಿ. ತೆರೆದುಕೊಂಡರೆ ಮಾತ್ರ ಅದು ಬ್ಯಾಕಪ್.