ಹೊಸ ಸಿಸ್ಟರಿಗೆ ಜೊತೆ ಯಾರು?

ಹೆರಿಗೆ ಕುರಿತ ಚರ್ಚಾ ಕಾರ್ಯಕ್ರಮವೆಂದರೆ ತಜ್ಞ ವೈದ್ಯರು ಮಾತನಾಡುತ್ತಾರೆ, ತಾಯಂದಿರು ಪ್ರಶ್ನೆ ಕೇಳುತ್ತಾರೆ. ಹೆರಿಗೆ ಮಾಡಿಸುವ ದಾದಿಯ ಮುಂದೆ ಮೈಕು ಇಡುವುದು ಅಪರೂಪ. ಅವಳು ಈಗಷ್ಟೇ ಕೋರ್ಸು ಮುಗಿಸಿ ಬಂದವಳಾದರೆ ಇನ್ನೂ ಅಪರೂಪ. ಈ ಪುಟ ಅವಳಿಗಾಗಿ.

ಕರ್ನಾಟಕದಲ್ಲಿ 2005-06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಅದು 97ಕ್ಕೆ ಏರಿತು. ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228ರಷ್ಟಿದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಮನೆಯ ಮೂಲೆಯಿಂದ ಆಸ್ಪತ್ರೆಗೆ ಬಂದ ಹೆರಿಗೆಯ ಹೊಣೆ ಬಹುಮಟ್ಟಿಗೆ ಬಿದ್ದಿರುವುದು ದಾದಿಯರ ಮೇಲೆ. ಅವರಲ್ಲಿ ಅನೇಕರು ಇಪ್ಪತ್ತರ ಆಸುಪಾಸಿನ ಹುಡುಗಿಯರು.

ಎ.ಎನ್.ಎಂ. ಕೋರ್ಸು ಎರಡು ವರ್ಷದ್ದು. ಅದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ಆ ಅವಧಿಯಲ್ಲೆಲ್ಲ ಹಿಂದೆ ಟ್ಯೂಟರ್ ನಿಂತಿರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ಆ ಜಾಗ ಖಾಲಿ.

ಒಂದು ಉದಾಹರಣೆ ನೋಡೋಣ. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅಪಾಯ ಎಂದು ಪುಸ್ತಕ ಹೇಳುತ್ತದೆ. ಆದರೆ ವಾರ್ಡಿನಲ್ಲಿ ರಕ್ತ ಅಳತೆಯ ಜಾಡಿಯಲ್ಲಿ ಬೀಳುವುದಿಲ್ಲ. ಬಟ್ಟೆಗೆ ಇಂಗಿರುತ್ತದೆ, ನೆತ್ತಿನೀರಿನೊಡನೆ ಬೆರೆತಿರುತ್ತದೆ, ಮಂಚದ ಕೆಳಗೆ ಹರಿದಿರುತ್ತದೆ. ಕಣ್ಣಂದಾಜಿಗೆ ಅದು ಸಾಮಾನ್ಯವಾಗಿ ಕಡಿಮೆಯೆಂದೇ ಕಾಣುತ್ತದೆ. ಹಿರಿಯ ಸಿಸ್ಟರು ನೆಲ ನೋಡುವ ಮೊದಲು ತಾಯಿಯ ಹೊಟ್ಟೆಯ ಮೇಲೆ ಕೈ ಇಡುತ್ತಾರೆ. ಗರ್ಭಕೋಶ ಗಟ್ಟಿಯಾಗಿದೆಯೋ, ಹಿಟ್ಟಿನಂತೆ ಮೆತ್ತಗಿದೆಯೋ? ಮೆತ್ತಗಿದ್ದರೆ ನೀವಬೇಕು, ಆಕ್ಸಿಟೋಸಿನ್ ಕೊಡಬೇಕು, ಮಾಸು ಪೂರ್ತಿ ಬಂದಿದೆಯೇ ನೋಡಬೇಕು, ಜೊತೆಜೊತೆಗೇ ಡಾಕ್ಟರನ್ನು ಕರೆಸಬೇಕು. ಇದೆಲ್ಲ ಹೊಸಬಳಿಗೂ ಗೊತ್ತು, ಪರೀಕ್ಷೆಯಲ್ಲಿ ಬರೆದಿದ್ದಾಳೆ. ಗೊತ್ತಿಲ್ಲದಿರುವುದು, ಅದನ್ನು ಶುರು ಮಾಡುವ ಗಳಿಗೆ ಇದೇ ಎಂಬುದು. ತೀವ್ರ ರಕ್ತಸ್ರಾವ ಎರಡು ಗಂಟೆಯೊಳಗೇ ಪ್ರಾಣ ತೆಗೆಯಬಲ್ಲದು.

ಇನ್ನೊಂದು ಕಷ್ಟ ಹೊರಗೆ ನಿಂತಿರುತ್ತದೆ. "ನಿಂಗೇ ಮದ್ವೆ ಆಗಿಲ್ಲ, ನೀನೇನಮ್ಮ ಹೆರಿಗೆ ಮಾಡಿಸ್ತೀಯ?" ಎಂದು ಅಜ್ಜಿಯೊಬ್ಬರು ಕೇಳಿದರೆ ಹುಡುಗಿಯ ಧೈರ್ಯ ಅರ್ಧ ಇಳಿಯುತ್ತದೆ. ಹೆದರಿದ ಕೈ ಎರಡು ಬಗೆಯಲ್ಲಿ ತಪ್ಪುತ್ತದೆ: ಬೇಡದಿದ್ದರೂ ಬೆಂಗಳೂರಿಗೆ ಕಳಿಸುವುದು, ಇಲ್ಲವೇ ಕಳಿಸಬೇಕಾದವರನ್ನು ಇನ್ನೊಂದು ಗಂಟೆ ನೋಡೋಣವೆಂದು ಇರಿಸಿಕೊಳ್ಳುವುದು. ದೊಡ್ಡಬಳ್ಳಾಪುರದಿಂದ ವಾಣಿವಿಲಾಸ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರು. 108 ವಾಹನ ಬೇಗ ಬಂದರೂ ಹೆಬ್ಬಾಳದ ಟ್ರಾಫಿಕ್ಕು ತಾಯಿಗಾಗಿ ಕರಗುವುದಿಲ್ಲ.

ಹಳೆಯ ಸೂಲಗಿತ್ತಿಯರಿಗೆ ಈ ಒಂಟಿತನ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಕೆಲಸ ಕಲಿತದ್ದು ಅಜ್ಜಿಯ ಪಕ್ಕದಲ್ಲಿ. ಸೂಲಗಿತ್ತಿ ಪದ್ಧತಿ ಮರಳಲೆಂದು ನಾನು ಹೇಳುತ್ತಿಲ್ಲ. ಸೋಂಕಿನ ಬಗ್ಗೆ, ಔಷಧಿಗಳ ಬಗ್ಗೆ ಇಂದಿನ ಹುಡುಗಿಗಿರುವ ತಿಳಿವಳಿಕೆ ಆ ಪದ್ಧತಿಯಲ್ಲಿ ಇರಲಿಲ್ಲ. ಉಳಿಸಿಕೊಳ್ಳಬೇಕಾದದ್ದು ಆ ಪಕ್ಕದ ಜಾಗವನ್ನು. ನ್ಯೂಜಿಲೆಂಡಿನಲ್ಲಿ 2007ರಿಂದ ಹೊಸ ಮಿಡ್‌ವೈಫಿಗೆ ಮೊದಲ ವರ್ಷವಿಡೀ ಅನುಭವಿ ಮಿಡ್‌ವೈಫ್ ಒಬ್ಬರ ಮಾರ್ಗದರ್ಶನ ಸಿಗುತ್ತಿದೆ. ಅದಕ್ಕೆ ಹಣ ಸರ್ಕಾರದ್ದು.

ನಮ್ಮಲ್ಲೂ ಆರು ಉಪಕೇಂದ್ರಗಳಿಗೆ ಒಬ್ಬರು ಹಿರಿಯ ಮಹಿಳಾ ಆರೋಗ್ಯ ಸಹಾಯಕಿ ಇರಬೇಕೆಂಬ ನಿಯಮವಿದೆ. ಆ ಹುದ್ದೆಯ ಉದ್ದೇಶ ಮೇಲ್ವಿಚಾರಣೆ ಮಾತ್ರವಲ್ಲ, ಕಲಿಸುವುದೂ ಹೌದು. ರಿಜಿಸ್ಟರು ತಪಾಸಣೆಯಲ್ಲೇ ದಿನ ಕಳೆದರೆ ಕಲಿಸಲು ಬಿಡುವೆಲ್ಲಿ? ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೊಸಬಳನ್ನು ಮೊದಲ ಮೂರು ತಿಂಗಳು ರಾತ್ರಿ ಪಾಳಿಗೆ ಒಬ್ಬಳನ್ನೇ ಹಾಕದಿರುವುದು, ಡ್ಯೂಟಿ ಪಟ್ಟಿಯಲ್ಲಿ ಅವಳ ಹೆಸರಿನ ಪಕ್ಕ ಹಿರಿಯರೊಬ್ಬರ ಹೆಸರು, ಫೋನ್ ನಂಬರು ಬರೆಯುವುದು ದೊಡ್ಡ ಖರ್ಚಿನ ಮಾತಲ್ಲ. ಕಷ್ಟದ ಹೆರಿಗೆಯಾದ ಮಾರನೆಯ ದಿನ ಬೈಯದೆ ಕೂರಿಸಿಕೊಂಡು "ಯಾವಾಗ ಅನುಮಾನ ಬಂತು, ಆಗ ಏನು ಮಾಡಿದೆ?" ಎಂದು ಕೇಳಬೇಕು. ಬೈಗುಳಕ್ಕೆ ಹೆದರಿದವಳು ಮುಂದಿನ ಸಲ ಫೋನು ಮಾಡಲು ತಡಮಾಡುತ್ತಾಳೆ.

ಹೆರಿಗೆಗೆ ಕರೆದುಕೊಂಡು ಹೋಗುವ ಮನೆಯವರಿಗೂ ಒಂದು ಮಾತು. ವಾರ್ಡಿನ ಹುಡುಗಿ ನಿಮ್ಮೆದುರೇ ಹಿರಿಯರಿಗೆ ಫೋನು ಮಾಡಿ ಕೇಳಿದರೆ, ಇವಳಿಗೆ ಏನೂ ಬಾರದೆಂದು ಗಲಾಟೆ ಮಾಡಬೇಡಿ. ಆ ಫೋನು ನಿಮ್ಮ ಮಗಳಿಗಾಗಿಯೇ.